ಎದೆಗೆ ಬಿಗಿದ ಹಳದಿ ಸೀರೆ

ಅಪ್ಪಾಜಿ,

ಕೂತಲ್ಲೇ ಕೂತಿರಿ, ಎದ್ದು ಕೈ ಎತ್ತಬೇಡಿ. ನಿಮಗೆ ಸಿಟ್ಟು ಬರುವ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಎರಡು ವಾರದ ಹಿಂದೆ ನಾನು ನಿಮ್ಮ ಗರಡಿಮನೆಗೆ ಚಪ್ಪಲಿ ಕಾಲಲ್ಲೇ ನುಗ್ಗಿದೆ. ಹೌದು, ಹೆಂಗಸರು ಕಾಲಿಡಬಾರದ ಆ ಕೆಮ್ಮಣ್ಣಿನ ಮೇಲೇ. ಹನುಮಂತನ ಪಟದ ಎದುರಿಗೆ ಅಣ್ಣ ನನ್ನ ಕೆನ್ನೆಗೆ ಬಾರಿಸಿದ. ನಾನೂ ಬಿಡಲಿಲ್ಲ, ಕೈಯಲ್ಲಿದ್ದ ಕತ್ತರಿಯ ಹಿಡಿಯಿಂದ ಅವನ ಮೊಣಕೈಗೆ ಕೊಟ್ಟೆ. ನಿಮ್ಮ ಮಕ್ಕಳಲ್ಲವೇ ನಾವು, ಮಾತಿಗಿಂತ ಕೈ ಮುಂದೆ. ಆದರೆ ಯಾಕೆ ಹೀಗಾಯಿತು ಎಂದು ಹೇಳಬೇಕಾದರೆ ನೀವು ಹೋದ ದಿನದಿಂದಲೇ ಹೇಳಬೇಕು. ಆ ದಿನದ ಅರ್ಧ ನಿಮಗೇ ಗೊತ್ತು. ಉಳಿದರ್ಧ ನನಗೂ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಆ ಭಾನುವಾರ ಬೆಳಗ್ಗೆ ನಿಮ್ಮ ಟವೆಲ್ಲು ಹಿಡಿದುಕೊಂಡು ಗರಡಿಯ ಹೊಸ್ತಿಲಾಚೆ ಕೂತಿದ್ದೆ. ಹತ್ತು ವರ್ಷದವಳು ನಾನು. ಶಿವಮೊಗ್ಗದ ಕುಸ್ತಿಗೆ ರುದ್ರೇಶಿಯನ್ನು ಕಳಿಸುತ್ತೇನೆಂದು ಹೇಳಿದ್ದವರು, ಕೊನೇ ಗಳಿಗೆಯಲ್ಲಿ ಅಣ್ಣನ ಹೆಸರು ಕೊಟ್ಟಿದ್ದಿರಿ. ರುದ್ರೇಶಿ ನಿಮ್ಮ ಕೈಯಲ್ಲೇ ಪಳಗಿದ ಶಿಷ್ಯ, ಮನೆಯಲ್ಲಿ ನಮ್ಮ ಜೊತೆ ಕೂತು ಮುದ್ದೆ ಉಂಡವನು. "ಯಾಕೆ ಉಸ್ತಾದ್, ನಿಮ್ ಮಗ ಅಂತಾನಾ?" ಎಂದು ಕೇಳಿದ. ಇಪ್ಪತ್ತು ಜನರ ಎದುರಿಗೆ ಅವನ ಕೆನ್ನೆಗೆ ಹೊಡೆದಿರಿ. ಅವನು ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೊಡೆದಿರಿ. ಮೂರನೆಯ ಸಲ ನಿಮ್ಮ ಕೈ ಮೇಲೇಳುವಷ್ಟರಲ್ಲಿ ಅವನ ಕಾಲು ನಿಮ್ಮ ಎಡ ಪಕ್ಕೆಗೆ ಬಂದು ಅಪ್ಪಳಿಸಿತು. ಒಣ ಸೌದೆ ಮುರಿದ ಸದ್ದು ನನ್ನವರೆಗೂ ಕೇಳಿಸಿತು. ನೀವು ಬಿದ್ದಿರಿ, ಎದ್ದಿರಿ, ಮಣ್ಣು ಕೊಡವಿಕೊಂಡು ನಕ್ಕಿರಿ. "ಒದೆಯೋಕೆ ನಾನೇ ಕಲಿಸಿದ್ದು, ಸರಿಯಾಗೇ ಒದ್ದಿದಾನೆ ನನ್ ಮಗ." ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ನಮ್ಮ ಕ್ವಾರ್ಟರ್ಸ್ ಮನೆಯವರೆಗೆ ನಡೆದೇ ಬಂದಿರಿ. ನಿಮ್ಮ ಕೈ ಅಷ್ಟು ಭಾರ ಎಂದು ನನಗೆ ಅವತ್ತೇ ಗೊತ್ತಾದದ್ದು.

ಅಮ್ಮ ಆಸ್ಪತ್ರೆ ಎಂದಾಗ ನೀವು ಬೈದದ್ದು ನೆನಪಿದೆಯೇ? "ಗರಡಿ ಮನುಷ್ಯ ಪಕ್ಕೆಲುಬಿಗೆಲ್ಲ ಆಸ್ಪತ್ರೆಗೆ ಹೋದ್ರೆ ನಾಳೆ ಯಾವ ಮುಖ ತೋರಿಸ್ಲಿ? ಮೊಟ್ಟೆ ಒಡಿ." ಎಷ್ಟು ಪೈಲ್ವಾನರಿಗೆ ನೀವೇ ಹಾಕಿದ್ದ ಪಟ್ಟು ಅದು. ಮೊಟ್ಟೆಯ ಬಿಳಿ ಲೋಳೆಗೆ ಉದ್ದಿನ ಹಿಟ್ಟು ಕಲಸಿ ಪಕ್ಕೆಗೆ ಮೆತ್ತಿ, ಮೇಲೆ ಬಟ್ಟೆ ಬಿಗಿಯುವುದು. ಅಮ್ಮನ ಹಳದಿ ಸೀರೆಯನ್ನು ಉದ್ದಕ್ಕೆ ಸೀಳಿದೆವು. ಅಣ್ಣ ನಿಮ್ಮ ಬೆನ್ನಿಗೆ ಮಂಡಿ ಕೊಟ್ಟು ಒಂದು ತುದಿ ಎಳೆದ. ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. "ಇನ್ನೂ ಬಿಗಿ ಎಳಿ ಗೌರಿ, ಅನ್ನ ತಿಂದಿಲ್ವಾ?" ಎಂದಿರಿ. ಗೋಡೆಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ಜೋತುಬಿದ್ದೆ ಅಪ್ಪಾಜಿ. ನೀವು "ಭೇಷ್" ಎಂದಿರಿ. ನಿಮ್ಮ ಬಾಯಿಂದ ನನಗೆ ಸಿಕ್ಕ ಭೇಷ್ ಅದೊಂದೇ.

ಒಂದು ಗಂಟೆಯೂ ಆಗಿರಲಿಲ್ಲ, ನಿಮಗೆ ಉಸಿರು ಸಾಲದಾಯಿತು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಉಬ್ಬಿದವು. "ನೋಡು, ಸಿಟ್ಟಿಗೆ ನರ ಹೆಂಗೆ ಎದ್ದಿದಾವೆ" ಎಂದಳು ಅಮ್ಮ. ನಿಮ್ಮ ಸಿಟ್ಟು ಕಂಡವರು ನಾವು, ನಂಬಿದೆವು. ಗಂಟಲ ಗಂಟು ಬಲಕ್ಕೆ ಸರಿದಿತ್ತು. ನೀವು ಕತ್ತು ವಾಲಿಸಿದ್ದೀರಿ ಎಂದುಕೊಂಡು ಅಮ್ಮ ಮತ್ತೆ ಮತ್ತೆ ನಿಮ್ಮ ಗಲ್ಲ ಹಿಡಿದು ನೇರ ಮಾಡುತ್ತಿದ್ದಳು, ಕೊರಳಿನ ಲಿಂಗದ ಕರಡಿಗೆಯನ್ನು ನಡುವಿಗೆ ತಂದು ಇಡುತ್ತಿದ್ದಳು. ಮಾತು ಹೊರಡಲಿಲ್ಲ ನಿಮಗೆ. ಕಣ್ಣನ್ನು ಅಣ್ಣನ ಮೇಲೆ ನೆಟ್ಟು, ಅಂಗೈಯಿಂದ ಎಡ ಎದೆಗೆ ಪಟಪಟ ಹೊಡೆದುಕೊಂಡಿರಿ. ಗರಡಿಯ ಮಕ್ಕಳಿಗೆ ಅದರ ಅರ್ಥ ಯಾರಾದರೂ ಹೇಳಿಕೊಡಬೇಕೇ? ಎದೆ ತಟ್ಟುವುದೆಂದರೆ ಸವಾಲು, ಹಗೆ, ಆಣೆ. ಅಣ್ಣ ಆ ಕೈಯನ್ನೇ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡ. "ಆಯ್ತು ಅಪ್ಪಾಜಿ. ಅವನನ್ನ ಬಿಡಲ್ಲ." ನೀವು ಕೈ ಕಿತ್ತುಕೊಂಡು ಮತ್ತೆ ಎದೆಗೆ ಹೊಡೆದುಕೊಂಡಿರಿ. ಅವನು ಮತ್ತೆ ಆಣೆ ಇಟ್ಟ. ಮೂರನೆಯ ಸಲ ಬೆರಳು ಸೀರೆಯ ಅಂಚಿಗೆ ಸಿಕ್ಕಿಕೊಂಡಿತು. ಅದನ್ನೂ ನಾನೇ ಬಿಡಿಸಿದೆ. ಆಟೋ ಬರುವಷ್ಟರಲ್ಲಿ...

ನಿಮ್ಮನ್ನು ಮಣ್ಣು ಮಾಡಿದ ಮೂರನೆಯ ದಿನ ಅಣ್ಣ "ಬಚ್ಚಲೊಲೆ ಕೆದಕೋ ಕಬ್ಬಿಣದ ರಾಡು ಎಲ್ಲಿದೆ?" ಎಂದು ಕೇಳಿದ. ತಂದುಕೊಟ್ಟವಳು ನಾನು. ಅವನ ಹಿಂದೆಯೇ ಓಡಿದೆ. ರೈಲ್ವೆ ಗೇಟಿನ ಹತ್ತಿರ ರುದ್ರೇಶಿ ಸಿಕ್ಕಿದ. ಓಡಲಿಲ್ಲ, ಕೈ ಮುಗಿದ. ಮುಗಿದ ಕೈಯ ಮೇಲೇ ಮೊದಲನೆಯ ಏಟು ಬಿತ್ತು. ಎರಡನೆಯದಕ್ಕೆ ಬಲಗೈಯ ಮೂಳೆ ಚರ್ಮ ಹರಿದು ಹೊರಗೆ ಬಂತು, ಬೆಳ್ಳಗೆ. ರಕ್ತ ನನ್ನ ಲಂಗಕ್ಕೆ ಸಿಡಿಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ ಅಪ್ಪಾಜಿ. "ಇನ್ನೊಂದ್ ಹಾಕು ಅಣ್ಣ" ಎಂದು ಕಿರುಚಿದೆ. ಅಣ್ಣ ಹಾಕಿದ. ಎರಡು ವರ್ಷ ಜೈಲಿನಲ್ಲಿದ್ದು ಬಂದಾಗ ಗರಡಿಯವರು ಅವನಿಗೆ ಹಾರ ಹಾಕಿ ನಿಮ್ಮ ಜಾಗದಲ್ಲಿ ಕೂರಿಸಿದರು. ಅಪ್ಪನ ಕೊನೆಯ ಮಾತು ನಡೆಸಿದ ಮಗ ಎಂದು ಊರು ಹೇಳಿತು. ರುದ್ರೇಶಿಯ ಬಲಗೈ ಇವತ್ತಿಗೂ ಜೋತಾಡುತ್ತದೆ. ಎಡಗೈಯೊಂದರಲ್ಲೇ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾನೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಉಗಿದು ಹೋಗುತ್ತಿದ್ದೆ ನಾನು.

ಕಳೆದ ವರ್ಷ ಮೆಡಿಕಲ್ ಸೀಟು ಸಿಕ್ಕಿದ ದಿನ ನಿಮ್ಮ ಫೋಟೋದ ಮುಂದೆ ನಿಂತು ಹೇಳಿದ್ದೆ, ಕೇಳಿಸಿತೋ ಇಲ್ಲವೋ. ಶಿವಮೊಗ್ಗಕ್ಕೆ ಬಂದು ಹಾಸ್ಟೆಲ್ ಸೇರಿದೆ. ಕನ್ನಡ ಮೀಡಿಯಂನಿಂದ ಹೋದವಳಿಗೆ ಆ ಪುಸ್ತಕ ಎತ್ತುವುದೇ ಒಂದು ಕಸರತ್ತು. ಅದರಲ್ಲೂ ಎದೆಯ ಪಾಠ ತಲೆಗೆ ಹತ್ತಲಿಲ್ಲ. ಪಕ್ಕೆಲುಬು ಹನ್ನೆರಡು ಜೊತೆ, ನಡುವೆ ಮೂರು ಪದರ ಸ್ನಾಯು, ಒಳಗೆ ಪೊರೆ, ಪೊರೆಯೊಳಗೆ ಇನ್ನೊಂದು ಪೊರೆ. ಇಂಟರ್ನಲ್ಸ್‌ನಲ್ಲಿ ಎರಡು ಸಲ ಫೇಲಾದೆ. ರೂಮಿನ ಗೆಳತಿ ನಾಝಿಯಾ, "ಅಳ್ಬೇಡ ಮಾರಾಯ್ತಿ, ಒಬ್ರು ಮೇಷ್ಟ್ರಿದಾರೆ, ತೋರಿಸ್ತೀನಿ ಬಾ" ಎಂದು ದುರ್ಗಿಗುಡಿಯ ಬ್ರೌಸಿಂಗ್ ಸೆಂಟರಿಗೆ ಎಳೆದುಕೊಂಡು ಹೋದಳು. ಈಗ ಇಂಟರ್‌ನೆಟ್ಟಿನಲ್ಲಿ ಪಾಠದ ವಿಡಿಯೊ ಬರುತ್ತದೆ ಅಪ್ಪಾಜಿ. ಯಾವ ದೇಶದ ಮೇಷ್ಟರೋ, ಅವರೆದುರು ಯಾವ ದೇಶದ ಹುಡುಗರೋ, ನಾವು ಇಲ್ಲಿ ಒಂದು ಹೆಡ್‌ಫೋನಿನ ಎರಡು ಕಿವಿ ಹಂಚಿಕೊಂಡು ಕೂತು ಕೇಳಬಹುದು.

ಮೊದಲ ದಿನ ಆ ಬೋಳು ತಲೆಯ ಮೇಷ್ಟರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಬಿಳಿ ಬನಿಯನ್ನಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಪಕ್ಕೆಲುಬು ಬರೆದುಕೊಂಡು ಬಂದಿದ್ದರು. ಮೊದಲನೆಯದು ಕೈಗೆ ಸಿಗುವುದಿಲ್ಲ, ಹಾಜರಿ ಕೂಗುವಾಗ ಹಿಂದಿನ ಬೆಂಚಿನಲ್ಲಿ ಅವಿತವನ ಹಾಗೆ, ಎರಡರಿಂದ ಎಣಿಸಿ ಎಂದರು. ಎಣಿಸುತ್ತಾ ತಮಗೇ ಕಚಗುಳಿಯಾಗಿ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ. ಎದೆಗೂ ಹೊಟ್ಟೆಗೂ ನಡುವಿನ ಪರದೆ, ವಪೆ, ಹೇಗೆ ಏರಿ ಇಳಿಯುತ್ತದೆ ಎಂದು ಕೊಡೆ ಬಿಚ್ಚಿ ಮುಚ್ಚಿ ತೋರಿಸಿದರು. ಬಿಕ್ಕಳಿಕೆ ಬಂದಾಗ ಕೊಡೆ ತಾನೇ ಫಟ್ಟನೆ ಬಿಚ್ಚಿಕೊಂಡು ಅವರ ಕನ್ನಡಕ ಹಾರಿಹೋಯಿತು. ಹೃದಯ ಎಡಕ್ಕಿಲ್ಲ, ನಡುವೆಯೇ ಇದೆ, ಎಡಕ್ಕೆ ಸ್ವಲ್ಪ ಮುನಿಸಿಕೊಂಡು ವಾಲಿದೆ ಅಷ್ಟೇ, ಪ್ರೇಮಿಗಳೆಲ್ಲ ತಪ್ಪು ಜಾಗಕ್ಕೆ ಕೈ ಇಡುತ್ತಾರೆ ಎಂದರು. ವಿಡಿಯೊ ಅರ್ಧಕ್ಕೆ ನಿಂತು ಚಕ್ರ ತಿರುಗುವಾಗ ಅವರ ಬಾಯಿ ತೆರೆದೇ ಇರುತ್ತಿತ್ತು. ಸೆಂಟರಿನವನು "ಏನ್ರೀ ಮೇಡಂ, ಓದ್ತಿದೀರೋ ಪಿಚ್ಚರ್ ನೋಡ್ತಿದೀರೋ?" ಎಂದು ಗದರುತ್ತಿದ್ದ. ನಗುನಗುತ್ತಲೇ ಎದೆಗೂಡು ಪೂರ್ತಿ ನನ್ನ ಕೈವಶವಾಯಿತು. ಮೂರನೆಯ ಸಲ ಪಾಸಾದೆ.

ಆಮೇಲೆ ಬಂದದ್ದು ಮೇಷ್ಟರು ಕೋಟು ಹಾಕಿ ಟೈ ಕಟ್ಟಿಕೊಂಡು ಮಾಡಿದ ಪಾಠ. ಪಕ್ಕೆಲುಬು ಮುರಿದು ಒಳಗೆ ಚುಚ್ಚಿದರೆ ಪುಪ್ಪಸಕ್ಕೆ ತೂತು. ಉಸಿರೆಳೆದಾಗಲೆಲ್ಲ ಗಾಳಿ ಸೋರಿ ಪೊರೆಗಳ ನಡುವೆ ಸೇರುತ್ತದೆ, ವಾಪಸು ಬರುವುದಿಲ್ಲ. ಸೈಕಲ್ ಟ್ಯೂಬಿನ ವಾಲ್ವಿನ ಹಾಗೆ ಎಂದರು. ಕೋಟಿನ ಎಡಗಡೆ ಬಲೂನು ಇಟ್ಟುಕೊಂಡು ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಎದೆ ಉಬ್ಬಿತು. ಟೈ ನಿಧಾನವಾಗಿ ಬಲಕ್ಕೆ ಸರಿಯಿತು. ಶ್ವಾಸನಾಳ ಹೀಗೆ ಬಲಕ್ಕೆ ಹೋಗುತ್ತದೆ, ಕುತ್ತಿಗೆಯ ನರ ಉಬ್ಬುತ್ತವೆ ಎಂದು ಕೆನ್ನೆ ಊದಿಸಿ, ಕಣ್ಣು ಮೇಲೆ ಮಾಡಿ, ಮಾತು ಹೊರಡದವರ ಹಾಗೆ ಅಂಗೈಯಿಂದ ಎಡ ಎದೆಗೆ ಪಟಪಟ ಹೊಡೆದುಕೊಂಡರು. ಅಲ್ಲಿದ್ದ ಹುಡುಗರು ಬಿದ್ದು ಬಿದ್ದು ನಕ್ಕರು. ನಾಝಿಯಾ ನಕ್ಕಳು. ನಾನೂ ನಗುತ್ತಿದ್ದೆ. ಅವರು ಒಂದು ಸೂಜಿ ತೆಗೆದು ಚುಚ್ಚಿದರು, ಠಪ್ ಎಂದಿತು, ಟೈ ನಡುವಿಗೆ ಬಂತು. ನಾನು ಹೆಡ್‌ಫೋನು ಕಿತ್ತ ರಭಸಕ್ಕೆ ವಯರೇ ಹರಿದುಹೋಯಿತು. ಹೊರಗೆ ಓಡಿ ಬಂದು ಚರಂಡಿಯ ಪಕ್ಕ ಕೂತುಬಿಟ್ಟೆ.

ಮರುದಿನ ಕಾಲೇಜಿನ ಸರ್ಜರಿ ಮೇಡಂ ಹತ್ತಿರ, ಯಾರದೋ ಕತೆ ಎನ್ನುವ ಹಾಗೆ ಕೇಳಿದೆ. ಚುಚ್ಚಿದ್ದು ಒದೆತವೋ, ಬೆನ್ನಿಗೆ ಕೊಟ್ಟ ಮಂಡಿಯೋ, ಬಿಗಿದ ಸೀರೆಯೋ? "ಯಾವುದೂ ಆಗಿರಬಹುದಮ್ಮ. ಆದ್ರೆ ಮುರಿದ ಪಕ್ಕೆಗೆ ಬಿಗಿಯೋದು ತಪ್ಪು, ಉಸಿರಿಗೆ ಜಾಗ ಬೇಕು. ತಕ್ಷಣ ಕರ್ಕೊಂಡು ಬಂದಿದ್ರೆ ಉಳಿಸಬಹುದಿತ್ತೇನೋ" ಎಂದರು. ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಅಣ್ಣ ಆ ಎದೆ ತಟ್ಟಿದ ಸದ್ದಿನ ಮೇಲೇ ಬದುಕು ಕಟ್ಟಿಕೊಂಡಿದ್ದಾನೆ. ಕನ್ನಡಿ ನೋಡಿದಾಗಲೆಲ್ಲ ನನ್ನ ಕೈಯನ್ನು ಕಡಿದು ಹಾಕಬೇಕು ಅನ್ನಿಸುತ್ತಿತ್ತು. ನಿಮ್ಮ ಮೇಲೂ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಸ್ಪತ್ರೆ ಕೂಗಳತೆಯಲ್ಲಿತ್ತು. ಮುಖ ತೋರಿಸುವ ಚಿಂತೆ ನಿಮಗೆ.

ಎರಡು ವಾರದ ಹಿಂದೆ ಬೆಳಗ್ಗೆ ಅಮ್ಮ ಫೋನು ಮಾಡಿದವಳು ಮಾತಿನ ನಡುವೆ, "ಲಾರಿ ಓಡಿಸೋ ಮಂಜಂಗೆ ಗರಡೀಲಿ ಪಕ್ಕೆ ಮುರ್ದಿದ್ಯಂತೆ, ನಿಮ್ಮಣ್ಣ ಉದ್ದಿನ ಹಿಟ್ಟು ತಗೊಂಡ್ ಹೋದ" ಎಂದಳು. ಅಣ್ಣನ ಮೊಬೈಲಿಗೆ ಎಷ್ಟು ಹೊಡೆದರೂ ಎತ್ತಲಿಲ್ಲ. ಡಿಸೆಕ್ಷನ್ ಪೆಟ್ಟಿಗೆಯ ಕತ್ತರಿ ಹಿಡಿದು ಭದ್ರಾವತಿ ಬಸ್ಸು ಹತ್ತಿದೆ. ಆ ಬಸ್ಸು ಅಷ್ಟು ನಿಧಾನ ಯಾವತ್ತೂ ಹೋಗಿರಲಿಲ್ಲ. ಗರಡಿಯಲ್ಲಿ ಮಂಜ ಕೂತಿದ್ದ, ತುಟಿ ನೀಲಿ. ಅಣ್ಣ ಮಂಡಿ ಕೊಟ್ಟು ಬಟ್ಟೆ ಬಿಗಿಯುತ್ತಿದ್ದ. ನಾನು ನುಗ್ಗಿ ಕತ್ತರಿಸಿದೆ. ಕೆನ್ನೆಗೆ ಏಟು ಬಿದ್ದದ್ದು ಆಗಲೇ. "ಗರಡಿ ಮೈಲಿಗೆ ಮಾಡ್ತೀಯೇನೇ?" ಎಂದ. "ಮಾಡ್ತೀನಿ ಕಣೋ! ಅಪ್ಪಾಜಿನ ಕೊಂದಿದ್ದು ಸಾಲ್ದಾ ನಾವು?" ಎಂದುಬಿಟ್ಟೆ. ಮಂಜನನ್ನು ಅವನ ಲಾರಿಯವರೇ ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಎದೆಗೆ ನಳಿಗೆ ಹಾಕಿ ಗಾಳಿ ತೆಗೆದರಂತೆ. ಬದುಕಿದ, ಅಪ್ಪಾಜಿ. ಈಗ ಎದ್ದು ಓಡಾಡುತ್ತಿದ್ದಾನೆ.

ಎಲ್ಲರೂ ಹೋದ ಮೇಲೆ ಅಖಾಡದ ಅಂಚಿನಲ್ಲಿ ಕೂತು ಅಣ್ಣನಿಗೆ ಪೂರ್ತಿ ಹೇಳಿದೆ. ನರ, ಗಂಟಲು, ಗಾಳಿ, ಎಲ್ಲ.

"ಹಂಗಾದ್ರೆ ಅಪ್ಪಾಜಿ ಅವತ್ತು ನಂಗೆ ಏನು ಹೇಳಿದ್ದು?"

"ಕಟ್ಟು ಬಿಚ್ಚು ಅಂದ್ರು ಅಣ್ಣ. ಅಷ್ಟೇ."

"ಮೂರ್ ಸಲಾನೂ?"

"ಮೂರ್ ಸಲಾನೂ."

ಅವನು ಅಖಾಡಕ್ಕಿಳಿದು ಮಣ್ಣಿಗೆ ಗುದ್ದಿದ. ಗೆಣ್ಣು ಒಡೆದು ರಕ್ತ ಬಂದರೂ ಗುದ್ದಿದ. ನಾನು ತಡೆಯಲಿಲ್ಲ. ಕೊನೆಗೆ ನನ್ನ ಸೆರಗಿನಿಂದಲೇ ಕೈ ಒರೆಸಿದೆ. ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ನೀವು ಹೋದಾಗ ಕೂಡ ನಾವು ಅತ್ತಿರಲಿಲ್ಲ, ರಾಡು ಹುಡುಕುತ್ತಿದ್ದೆವು.

ಮೊನ್ನೆ ಭಾನುವಾರ ಅಣ್ಣ ಆರು ಪೈಲ್ವಾನರನ್ನು ಕಟ್ಟಿಕೊಂಡು ದುರ್ಗಿಗುಡಿಗೆ ಬಂದ. ಬ್ರೌಸಿಂಗ್ ಸೆಂಟರಿನವನು ಹೊಡೆಯಲಿಕ್ಕೇ ಬಂದರು ಎಂದು ಶಟರ್ ಎಳೆಯಲು ಹೋದ. ಒಂದು ಕಂಪ್ಯೂಟರಿನ ಮುಂದೆ ಏಳು ಜನ ಉಸಿರುಗಟ್ಟಿ ನಿಂತರು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊಡೆಗೆ ನಕ್ಕರು, ಕಚಗುಳಿಗೆ ನಕ್ಕರು. ಟೈ ಬಲಕ್ಕೆ ಸರಿದಾಗ ಅಣ್ಣನ ಕೈ ತನ್ನ ಗಂಟಲಿಗೆ ಹೋಯಿತು. ಮೇಷ್ಟರು ಎದೆಗೆ ಹೊಡೆದುಕೊಂಡಾಗ ಅವನು ಪರದೆಗೆ ಬೆರಳು ತಾಗಿಸಿ, ಅಲ್ಲಿದ್ದ ಯಾರಿಗೂ ಅರ್ಥವಾಗದ ಹಾಗೆ, "ಬಿಚ್ರೋ, ಅವ್ರಿಗೆ ಉಸಿರು ಕಟ್ತಿದೆ" ಎಂದ. ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ಇದನ್ನ ರುದ್ರೇಶಿಗೂ ತೋರಿಸ್ಬೇಕು ಗೌರಿ. ತಾನೊಬ್ಬನೇ ಕೊಂದೆ ಅಂದ್ಕೊಂಡಿದಾನೆ ಅವ್ನು. ನೀನೇ ಕರ್ಕೊಂಡ್ ಬಾ. ನಾನ್ ಹೋದ್ರೆ ಓಡೋಗ್ತಾನೆ."

ಈ ಭಾನುವಾರ ಹೋಗುತ್ತೇನೆ, ಅಪ್ಪಾಜಿ. ಅವನ ಅಂಗಡಿಯ ಮುಂದೆ ಉಗಿಯದೆ ನಿಲ್ಲುವುದು ಇದೇ ಮೊದಲು. ಬರುತ್ತಾನೋ, ಎಡಗೈಯಲ್ಲಿ ಪಂಪು ಎತ್ತಿ ನನ್ನ ತಲೆಗೇ ಬಾರಿಸುತ್ತಾನೋ, ಗೊತ್ತಿಲ್ಲ. ಬಾರಿಸಿದರೆ ಬಾರಿಸಲಿ. ರಾಡು ತಂದುಕೊಟ್ಟವಳು ನಾನು, ಅದನ್ನು ಅವನಿಗೆ ಹೇಳಿಯೇ ಬರುತ್ತೇನೆ.

ನಿಮ್ಮ ಎದೆಗೆ ಸೀರೆ ಬಿಗಿದ ಮಗಳು,
ಗೌರಿ