ಅಡಗಲಾರದ ಹಡಗು

ಭಾನುವಾರ, ಜೂನ್ ೧೫. ಮೈಲಾಪೂರ್.

ನಾನು ಬರೆದ ನಿಯಮವನ್ನು ಚಿಕ್ಕಪ್ಪನ ಮಗ ರಜತ್ ಮತ್ತು ಅವನ ಇಬ್ಬರು ಸ್ನೇಹಿತರು ಇವತ್ತು ಕೈ ಎತ್ತಿ ಮತ ಹಾಕಿ ಹೊಡೆದುಹಾಕಿದರು. ಆಟ ಕಟ್ಟಿದವಳು ನಾನು! ನಮ್ಮ ಬಾಹ್ಯಾಕಾಶ ಯುದ್ಧದ ಆಟದಲ್ಲಿ ಎಂಜಿನ್ ಆರಿಸಿದರೂ ಹಡಗು ಶತ್ರುವಿಗೆ ಕಾಣುತ್ತದೆ ಎಂಬುದು ನನ್ನ ನಿಯಮ; ಕಾಣಬಾರದಂತೆ, ಅವರ ವಾದ. ಸುತ್ತಲೂ ಕೊರೆಯುವ ಚಳಿ, ಒಳಗೆ ಉಸಿರಾಡುವ ಜನ. ಹಡಗು ಬೆಚ್ಚಗಿರಲೇಬೇಕು, ಶಾಖ ಗುರುತಿಸುವ ಶತ್ರುವಿನ ಯಂತ್ರಕ್ಕೆ ಆ ಬಿಸಿಯೇ ಅದನ್ನು ಹಿಡಿದುಕೊಡುತ್ತದೆ. ರಜತ್ ನಕ್ಕ. “ಆಟ ಅಲ್ವಾ ಮಾರಾಯ್ತಿ, ಅಷ್ಟು ಹಠ ಯಾಕೆ?”

ಮೂವರನ್ನೂ ಕೆಳಗೆ ನಮ್ಮ ಹೋಟೆಲಿನ ಅಡುಗೆಮನೆಗೆ ಎಳೆದುಕೊಂಡು ಹೋದೆ. ಮಧ್ಯಾಹ್ನದ ಬಿಡುವಿಗೆ ಒಲೆ ಆರಿಸಿ ಅರ್ಧ ಗಂಟೆಯಾಗಿತ್ತು. ದೋಸೆ ಕಾವಲಿ ಏನೂ ಅರಿಯದಂತೆ ಕಪ್ಪಗೆ ಬಿದ್ದಿತ್ತು.

“ಕೈ ಇಡು ನೋಡುವ,” ಎಂದೆ. ರಜತ್ ಇಡಲಿಲ್ಲ. ನಾನು ನೀರು ಚಿಮುಕಿಸಿದೆ. ಚುಂಯ್ ಎಂದಿತು.

“ಅದು ಕಾವಲಿ, ಇದು ಹಡಗು,” ಎಂದು ಮೆಟ್ಟಿಲು ಹತ್ತಿದ. ಆ ನಿಯಮ ಮತ್ತೆ ಸೇರಿಸಿದರೆ ಮುಂದಿನ ವಾರ ಆಡಲು ಯಾರೂ ಬರುವುದಿಲ್ಲವಂತೆ.

ಬರಬೇಡಿ. ಹೊಡೆದುಹಾಕಿದ ಸಾಲನ್ನು ಈಗಷ್ಟೇ ಕೆಂಪು ಶಾಯಿಯಲ್ಲಿ ಮತ್ತೆ ಬರೆದೆ. ಎರಡೂ ಕಡೆ ನಾನೊಬ್ಬಳೇ ಆಡುತ್ತೇನೆ. ಒಲೆ ಆರಿಸಿದ ಕಾವಲಿಯ ಮೇಲೆ ರಜತ್ ಅಂಗೈ ಊರಲಿ, ಅವತ್ತು ಅಳಿಸುತ್ತೇನೆ.