ಮೊದಲ ಸಾಲಿನಲ್ಲಿ ಆನೆ

ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ 5:40

ಬೊಮ್ಮನ ಫೋನ್ ಇನ್ನೂ ಬಂದಿಲ್ಲ. ಕಾಫಿ ಆರುತ್ತಿದೆ. ಆನೆ ಎಲ್ಲಿದೆ ಅಂತ ಅವನು ನೋಡಿಕೊಂಡು ಬಂದು ಹೇಳಬೇಕು, ನಾನು ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ಅದನ್ನು ನೋಡಿಕೊಂಡೇ ತಿತಿಮತಿ ಸುತ್ತಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಶುರು. ಬೆಳೆಗಾರರ ಸಂಘದವರು ಇದಕ್ಕೆ ಸಂಬಳ ಕೊಡುತ್ತಾರೆ. ದಿನಕ್ಕೊಂದು ಸಾಲು ಬರೆಯುವುದಕ್ಕೆ!

ಈ ಡೈರಿ ತಂದದ್ದು ಕಥೆ ಬರೆಯಲು. ಕಾಲೇಜ್ ಮ್ಯಾಗಜೀನಿನಲ್ಲಿ ಎರಡು ಕಥೆ ಬಂದಿದ್ದವು, ಮದುವೆಗೆ ಮುಂಚೆ. ಈಗ ಕೂತರೆ "ಮಂಜು ಮುಸುಕಿದ ಮುಂಜಾವು" ಅಂತ ಬರೆಯುತ್ತೇನೆ. ಮುಂದೆ ಏನೂ ತೋಚುವುದಿಲ್ಲ. ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತೇನೆ. ನಾಲ್ಕು ಪುಟಗಳಲ್ಲಿ ನಾಲ್ಕು ಮುಂಜಾವು, ಎಲ್ಲಕ್ಕೂ ಮಂಜು. ಅನುಪಮಾ, ನಿನ್ನ ಹಣೆಬರಹ ಇಷ್ಟೇ—

ಫೋನ್.

ಅದೇ ದಿನ, ತಿಂಡಿ ಆದಮೇಲೆ

ಬೊಮ್ಮನ ಬಾಯಿಂದ ಮಾತು ಹೊರಡಿಸುವುದು ಹಲ್ಲು ಕಿತ್ತ ಹಾಗೆ.

"ಎಲ್ಲುಂಟು?"

"ಇಲ್ಲೇ ಅಕ್ಕ."

"ಇಲ್ಲೇ ಅಂದ್ರೆ ಎಲ್ಲಿ ಮಾರಾಯ?"

"ದೊಡ್ಡಿ ಮನೆ ಹಿಂದೆ. ಒಂಟಿಕೊಂಬ. ನಲ್ಲಿ ತಿರುಗಿಸಿ ನೀರು ಕುಡೀತು. ಹಾಗೇ ಬಿಟ್ಟು ಹೋಯ್ತು."

"ಒಂಟಿಕೊಂಬ, ದೊಡ್ಡಿ ಮನೆ ಹಿಂದೆ" ಅಂತ ಟೈಪ್ ಮಾಡಿದೆ. ಕಳಿಸಬೇಕು... ಕೈ ತಡೆಯಲಿಲ್ಲ. "ನಲ್ಲಿ ತಿರುಗಿಸಲು ಕಲಿತಿದೆ. ನಿಲ್ಲಿಸಲು ಕಲಿತಿಲ್ಲ. ಥೇಟ್ ನಮ್ಮ ಮನೆಯವರು" ಅಂತ ಸೇರಿಸಿ ಕಳಿಸಿಬಿಟ್ಟೆ.

ಗ್ರೂಪ್ ತುಂಬ ನಗು. ಸುಮಿತಾ ಮೇಡಂ ಎಸ್ಟೇಟಿನಿಂದ ಬರೆದರು— "ನಮ್ಮಲ್ಲೂ ಒಂದುಂಟು, ಎರಡು ಕಾಲಿನದ್ದು." ಪಿಕಿಂಗಿನವರನ್ನು ಜೀಪಿನಲ್ಲಿ ಬಿಟ್ಟು ಬಂದ ನಮ್ಮ ಜಯಪ್ರಕಾಶ್ ಒಳಗೆ ಕಾಲಿಡುತ್ತಲೇ, "ನಾನು ಯಾವಾಗ ನಲ್ಲಿ ಬಿಟ್ಟು ಹೋದೆ?" ಪಿಕಿಂಗಿಗೆ ಬರುವ ಚಿನ್ನಿಗೆ ಓದಲು ಬರುವುದಿಲ್ಲ, ಓದಿ ಹೇಳಿ ಅಂದಳಂತೆ. ತಮ್ಮ ಮರ್ಯಾದೆಯನ್ನು ತಾವೇ ಗಟ್ಟಿಯಾಗಿ ಓದಿಕೊಂಡು ಬಂದಿದ್ದಾರೆ, ಪಾಪ. ಇಡೀ ಜೀಪ್ ನಕ್ಕಿತಂತೆ.

ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಎಷ್ಟು ವರ್ಷ ಆಯಿತು ಹೀಗಾಗಿ!

ಡಿಸೆಂಬರ್ 17

ಅಲಾರಾಂ ಹೊಡೆಯುವ ಮೊದಲೇ ಎಚ್ಚರ. ದಿನಾ ಎರಡು ಸಾಲು ಹೆಚ್ಚಿಗೆ. ಬೊಮ್ಮನೂ ಪಳಗಿದ್ದಾನೆ. ಆನೆಮರಿ ಹೇಗೆ ನಿಂತಿತ್ತು ಅಂತ ಕೇಳಿದರೆ, "ಅಮ್ಮನ ಹೊಟ್ಟೆ ಕೆಳಗೆ ಅಕ್ಕ, ಮಳೆ ಬಂದ ಹಾಗೆ" ಅಂತಾನೆ. ಅದನ್ನು ಹಾಗೆಯೇ ಹಾಕಿದೆ. ಕಥೆಗೆ ಅಂತ ಕೂತಾಗ ಬಾರದ ಮಾತು ಇಲ್ಲಿ ಹೇಗೆ ಬರುತ್ತದೆ? ಯಾರೋ ಕಾಯುತ್ತಿದ್ದಾರೆ ಅನ್ನುವುದಕ್ಕೋ ಏನೋ.

ಡಿಸೆಂಬರ್ 30

"ಚಿನ್ನಿ ಈಗ ಜೀಪ್ ಹತ್ತೋ ಮೊದಲೇ ಕೇಳ್ತಾಳೆ, ಅಕ್ಕ ಎಂತ ಬರ್ದಿದ್ದಾರೆ ಅಂತ" ಅಂದರು ಇವರು. ಹೇಳುವಾಗ ಸ್ವಲ್ಪ ಜಂಬ ಇತ್ತು ಮುಖದಲ್ಲಿ. ನಾನು ಕಂಡೂ ಕಾಣದ ಹಾಗೆ ಅಕ್ಕಿ ಆರಿಸಿದೆ.

ಜನವರಿ 8

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಬೆಳಿಗ್ಗೆ ನನಗೆ ಉಮೇದು ಜಾಸ್ತಿ. ಗ್ರೂಪಿನಲ್ಲೂ ಮಂಜು ಮುಸುಕಿಸಿದೆ. ಮುಂಜಾವು, ಹಕ್ಕಿ, ಕಾಡಿನ ಮೌನ... ಒಂಟಿಕೊಂಬ ಕಲ್ಲುಕೆರೆ ತಿರುವಿನಲ್ಲಿ ಉಂಟು ಅನ್ನುವುದು ಎಲ್ಲಕ್ಕಿಂತ ಕೊನೆಗೆ. ಉದ್ದ ಆದರೆ ವಾಟ್ಸಾಪ್ ಅರ್ಧ ಮಡಚಿಡುತ್ತದೆ, "ರೀಡ್ ಮೋರ್" ಒತ್ತಬೇಕು. ಇವರು ಒತ್ತಲಿಲ್ಲ. ಹೆಂಡತಿ ಹಕ್ಕಿ ಬಗ್ಗೆ ಬರೆದಿದ್ದಾಳೆ ಅಂದುಕೊಂಡು ಜೀಪ್ ಹೊರಡಿಸಿದರು.

ತಿರುವಿನಲ್ಲಿ ಆನೆ. ಎದುರಿಗೇ. ಇವರು ಬ್ರೇಕ್ ಹಾಕಿದರು. ಚಿನ್ನಿ ಹಿಂದಿನಿಂದ ಹಾರಿ ಓಡಿದಳು, ಬಿದ್ದಳು. ಮಣಿಕಟ್ಟು ಮುರಿದಿದೆ. ಆನೆ ತೋಟಕ್ಕೆ ಇಳಿದು ಹೋಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಆಗಬಹುದಿತ್ತು.

ಸಂಘದ ಸೆಕ್ರೆಟರಿ ಕುಟ್ಟಪ್ಪ ಸರ್ ಮನೆಗೇ ಬಂದರು. ಕೂಗಾಡಲಿಲ್ಲ. "ಕಥೆ ಬೇಕಾದ್ರೆ ಮನೇಲಿ ಬರ್ಕೊಳಿ ಅನುಪಮಾ. ಗ್ರೂಪಲ್ಲಿ ಎಷ್ಟು ಆನೆ, ಎಲ್ಲಿ. ಅಷ್ಟೇ." ಕಾಫಿ ಕುಡಿಯದೆ ಹೋದರು.

ಜನವರಿ 9

"ಒಂದು ಆನೆ. ಕಲ್ಲುಕೆರೆ."

ಜನವರಿ 10

"ಮೂರು ಆನೆ. ಹಳೇ ಗೋಡೌನ್ ಹಿಂದೆ."

ಮರಿ ಏನೋ ಮಾಡಿತು ಅಂತ ಬೊಮ್ಮ ಹೇಳಲು ಬಂದ. ಬೇಡ ಅಂದೆ.

ಜನವರಿ 27, ಸಂಜೆ

ಇಷ್ಟು ದಿನ ಡೈರಿ ಮುಟ್ಟಲಿಲ್ಲ. ಮುಟ್ಟುವ ಆಸೆಯೂ ಇರಲಿಲ್ಲ.

ಆಸ್ಪತ್ರೆಗೆ ಹೋದಾಗ ಚಿನ್ನಿಯ ಮುಖ ಎತ್ತಿ ನೋಡಿರಲಿಲ್ಲ. ಇವತ್ತು ಧೈರ್ಯ ಮಾಡಿ ಕೆಲಸದವರ ಲೈನ್ ಮನೆಗೆ ಹೋದೆ, ಮೊಟ್ಟೆ, ಬ್ರೆಡ್ ತೆಗೆದುಕೊಂಡು. ಕೈಗೆ ಬ್ಯಾಂಡೇಜ್. ಬಾಗಿಲಲ್ಲೇ ಶುರು ಮಾಡಿದಳು.

"ಎಂತ ಅಕ್ಕ ಅದು, ಈಗ ನೀವು ಬರೆಯೋದು? ಮೂರು ಆನೆ, ಗೋಡೌನ್ ಹಿಂದೆ. ಜಯಪ್ರಕಾಶಣ್ಣ ಓದಿದ್ರೆ ರೇಷನ್ ಅಂಗಡಿ ಬೋರ್ಡ್ ಓದಿದ ಹಾಗೆ ಅಂತಾರೆ ಎಲ್ರೂ."

"ನನ್ನಿಂದ ನಿನ್ನ ಕೈ ಮುರೀತು ಚಿನ್ನಿ."

"ಹೂಂ, ಮುರೀತು. ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಇಲ್ಲ ಅನ್ನಲ್ಲ. ಈಗ ಬೇರೆ ಸಿಟ್ಟು. ಆನೆ ನಲ್ಲಿ ತಿರುಗಿಸಿದ್ರೆ ಬರೀತೀರಿ. ನಾನು ಕೈ ಮುರ್ಕೊಂಡ್ರೆ ಒಂದು ಸಾಲಿಲ್ಲ!"

ಆಮೇಲೆ ಹೇಳಿದಳು. ದಿಕ್ಕು ತಪ್ಪಿ ಆನೆ ಇರುವ ಕಡೆಗೇ ಓಡಿದ್ದಳಂತೆ. ಅದರ ಕಾಲ ಹತ್ತಿರ ಬಿದ್ದಳಂತೆ. ಬಿದ್ದ ನೋವಿಗೆ, ಹೆದರಿಕೆಗೆ, ಬಾಯಿಗೆ ಬಂದದ್ದೆಲ್ಲ ಬೈದಳಂತೆ. ಆನೆ ಒಂದು ಹೆಜ್ಜೆ ಹಿಂದೆ ಇಟ್ಟಿತು.

"ಅದು ನನ್ನ ನೋಡಿ ಹೆದರ್ತು ಅಕ್ಕ! ಯಾರೂ ನಂಬಲ್ಲ. ಹಿಂದೆ ಕೂತೋರಿಗೆ ಕಾಣ್ಲಿಲ್ಲ. ಜಯಪ್ರಕಾಶಣ್ಣ ಸ್ಟೇರಿಂಗ್ ತಬ್ಕೊಂಡು ಕಣ್ಣು ಮುಚ್ಚಿದ್ರು."

ಮನೆಗೆ ಬಂದು ಇವರನ್ನು ಕೇಳಿದೆ. ಕಣ್ಣಿಗೆ ಧೂಳು ಬಿದ್ದಿತ್ತಂತೆ.

ಜನವರಿ 28

ಚಿನ್ನಿಯ ಕಥೆಗೆ ಕೂತೆ. ಪೆನ್ನು ತಾನಾಗಿ "ಮಂಜು ಮುಸು" ತನಕ ಹೋಯಿತು. ಥತ್! ಈ ಮಂಜು ಒಬ್ಬಳ ಕೈ ಮುರಿದಿದೆ, ಇನ್ನೂ ಬುದ್ಧಿ ಬಂದಿಲ್ಲವಾ ನಿನಗೆ?

ಗೀಚಿ ಹಾಕಿದೆ. ಅವತ್ತು ಗ್ರೂಪಿಗೆ ಹಾಕಬೇಕಿದ್ದದ್ದನ್ನೇ ಬರೆದೆ. "ಆನೆ ಕಲ್ಲುಕೆರೆ ತಿರುವಿನಲ್ಲಿ ನಿಂತಿತ್ತು." ಅಷ್ಟೇ. ನಿಂತಿತ್ತಲ್ಲ, ಇನ್ನು ಜೀಪ್ ಬರಲೇಬೇಕು. ಜೀಪ್ ಬಂದ ಮೇಲೆ ಚಿನ್ನಿ ಹಾರಲೇಬೇಕು. ಹಾರಿದಳು! ಸಾರು ಒಲೆಯ ಮೇಲೆ ಸೀದು ಹೋಯಿತು. ಹೋಗಲಿ.

ಫೆಬ್ರವರಿ 2, ಭಾನುವಾರ

ಮುಗಿಯಿತು. ಮುಗಿಯಿತು! ಕೊನೆಯ ಚುಕ್ಕಿ ಇಟ್ಟು ಕಿರುಚಿದೆ. ಹಾವು ಅಂದುಕೊಂಡು ಇವರು ದೊಣ್ಣೆ ಹಿಡಿದು ಓಡಿ ಬಂದರು. "ಕಥೆ ಮುಗೀತು" ಅಂದೆ. ದೊಣ್ಣೆ ಕೆಳಗಿಟ್ಟು ಅಲ್ಲೇ ಕೂತರು. "ಓದು ನೋಡುವ." ಓದಿದೆ. ಕಣ್ಣು ಮುಚ್ಚಿದ ಭಾಗ ಬಂದಾಗ ಬಾಗಿಲ ಕಡೆ ನೋಡಿದರು. ಆಮೇಲೆ ಹೇಳಿದರು— "ಅದು ಇರ್ಲಿ. ಧೂಳು ಅಲ್ಲ. ಹೆದರಿದ್ದೆ."

ಇಂಥ ಗಂಡನನ್ನು ಇನ್ನು ನಲ್ಲಿ ಬಿಟ್ಟು ಹೋಗುವ ಆನೆಗೆ ಹೋಲಿಸಬಾರದು. ನೋಡೋಣ.

ಫೆಬ್ರವರಿ 6

ಇವತ್ತಿನದನ್ನು ಪೂರ್ತಿ ಬರೆದಿಡಬೇಕು.

ಕುಟ್ಟಪ್ಪ ಸರ್ ತೋಟದಲ್ಲಿ ಸಂಜೆಯ ತೂಕ ಮುಗಿದಿತ್ತು. ಕಾಫಿ ಹಣ್ಣಿನ ಮೂಟೆಗಳ ಮೇಲೆ ಎಲ್ಲರೂ ಕೂತಿದ್ದರು. ಚಿನ್ನಿ ಮುಂದೆ, ಒಳ್ಳೆಯ ಸೀರೆ ಉಟ್ಟು. ನಾನು ಕಥೆ ಓದಲು ಎದ್ದು ನಿಂತೆ. "ಆನೆ ಕಲ್ಲುಕೆರೆ ತಿರುವಿನಲ್ಲಿ ನಿಂತಿತ್ತು" ಅಂದೆ. ಗಲಾಟೆ ನಿಂತಿತು. ಒಂದೇ ಸಾಲಿಗೆ!

ಚಿನ್ನಿ ಕಿರುಚಿದಳು ಅಂತ ಓದಿದಾಗ ಅವಳೇ ಎದ್ದು ನಿಂತಳು. "ಸುಳ್ಳು! ನಾನು ಕಿರುಚಿಲ್ಲ, ಬೈದೆ."

"ಎಂತ ಬೈದೆ, ಹೇಳು ಮತ್ತೆ!" ಅಂದರು ಯಾರೋ.

ಹೇಳಿದಳು. ಡೈರಿಗೂ ಬರೆಯಲಾರೆ ಅದನ್ನು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕುಟ್ಟಪ್ಪ ಸರ್ ಯಾವಾಗ ಬಂದು ನಿಂತಿದ್ದರೋ, ಮುಖ ಆಚೆ ತಿರುಗಿಸಿದರು. ಹೆಗಲು ಕುಲುಕುತ್ತಿತ್ತು.

ಆನೆ ಹಿಂದೆ ಸರಿದ ಜಾಗ ಬಂತು. ಯಾರೂ ನಗಲಿಲ್ಲ. ಎಲ್ಲರೂ ಚಿನ್ನಿಯನ್ನು ನೋಡಿದರು. ಅವಳು ಬ್ಯಾಂಡೇಜಿನ ಕೈಯನ್ನು ಮಡಿಲ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ನನಗೆ ಅಳು ಬಂತು, ಖುಷಿಗೆ. ಓದುತ್ತಲೇ ಅತ್ತೆ, ಅಳುತ್ತಲೇ ಓದಿದೆ.

ಹೊರಡುವಾಗ ಕುಟ್ಟಪ್ಪ ಸರ್ ಕರೆದರು. "ಮೊದಲ ಸಾಲಲ್ಲಿ ಆನೆ ಎಲ್ಲಿ ಅಂತ ಇರ್ಬೇಕು. ಯಾವತ್ತೂ."

"ಇರುತ್ತೆ ಸರ್."

"ಅದಾದ್ಮೇಲೆ ನಿಮ್ಮಿಷ್ಟ." ಎರಡು ಹೆಜ್ಜೆ ಹೋಗಿ ತಿರುಗಿದರು. "ಮೊನ್ನೆ ಅದು ನಮ್ಮ ಕಣದಲ್ಲಿ ಒಣಗಲು ಹಾಕಿದ ಕಾಫಿ ಮೇಲೆ ಮಲಗಿತ್ತಲ್ಲ, ಅದನ್ನೂ ಬರೀಬಹುದು."

ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ 5:35

ಕಾಫಿ ಬಿಸಿ ಇದೆ. ಹೊಸ ಕಥೆ ತಲೆಯಲ್ಲಿ ಗಿರಗಿರ ತಿರುಗುತ್ತಿದೆ. ಕಾಫಿ ಕಣ, ಮಲಗಿದ ಆನೆ, ಎಬ್ಬಿಸಲು ಹೋದ ಸೆಕ್ರೆಟರಿ... ಫೋನ್ ಬರುವ ಮೊದಲೇ ಒಂದು ಪುಟ ಆದೀತು.

ಇಲ್ಲ, ಬಂತು.

"ಎಲ್ಲುಂಟು ಬೊಮ್ಮ?"

"ಇಲ್ಲೇ ಅಕ್ಕ."

"ಇಲ್ಲೇ ಅಂದ್ರೆ?"

"ನಿಮ್ಮ ಮನೆ ಹಿಂದೆ. ಹೊರಗೆ ಬರ್ಬೇಡಿ."

ಹೌದು. ಹಿತ್ತಲ ನಲ್ಲಿಯಿಂದ ನೀರು ಬೀಳುವ ಸದ್ದು. ಇವರು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ, ಹಾಗಾಗಿ ಈ ಸಲ ಇವರಲ್ಲ. "ಒಂಟಿಕೊಂಬ ನಮ್ಮ ಹಿತ್ತಲಿನಲ್ಲಿದೆ, ಈ ದಾರಿಗೆ ಯಾರೂ ಬರಬೇಡಿ." ಕಳಿಸಿದೆ. ಎಲ್ಲರಿಗೂ ತಲುಪಿತು. ಇನ್ನು ನನ್ನಿಷ್ಟ. ಎರಡನೆಯ ಸಾಲು—