ಬಲಗೆನ್ನೆಯ ಮಚ್ಚೆ

ಕಮರಿಪೇಟೆ, ಹುಬ್ಬಳ್ಳಿ
ಶನಿವಾರ, ತಾ. ೮-೧೦-೧೯೩೮

ಪ್ರೀತಿಯ ರಜ್ಜೀ,

ಆರಾಮ ಇದ್ದೀಯೇನು? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ಸಿನೇಮಾ ತೆಗೆಯುವಲ್ಲಿ ಹಚ್ಚುವ ದೀಪಗಳು ಕಣ್ಣಿಗೆ ಕೆಟ್ಟ ಎಂದು ಒಂದು ಮಾಸಿಕದಲ್ಲಿ ಓದಿದೆ. ಅಂದಿನಿಂದ ಅದೇ ಚಿಂತೆ. ಮಲಗುವ ಮುಂಚೆ ರೆಪ್ಪೆಗೆ ಒಂದು ಹನಿ ಹರಳೆಣ್ಣೆ ಹಚ್ಚಿಕೋ, ಮರೆಯಬೇಡ. ಮುಂಬಯಿಯ ಗಾಳಿ ಹಸಿ ಅನ್ನುತ್ತಾರೆ, ನಿನಗೆ ಮೊದಲೇ ಕೆಮ್ಮಿನ ಮೈ. ಇಲ್ಲಿ ಅಪ್ಪ, ನಿನ್ನ ಭಾವನವರು, ನಾನು ಎಲ್ಲರೂ ಕ್ಷೇಮ. ಕ್ಷೇಮ ಅಂತ ಬರೆದೆ, ಆದರೆ ಅಪ್ಪನ ವಿಷಯ ಮುಂದೆ ಬರೆಯುತ್ತೇನೆ, ಹೆದರಬೇಡ.

ಸಿನೇಮಾ ಸೇರಲು ನೀನು ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾಯಿತು. ನಿನ್ನ ವಿಳಾಸ ಇವತ್ತಿಗೂ ನನಗೆ ಗೊತ್ತಿಲ್ಲ. ಈ ಪತ್ರವನ್ನು ತಲೆಗೆ ಹಚ್ಚುವ ಎಣ್ಣೆಯ ಕಂಪನಿಗೆ ಕಳಿಸುತ್ತಿದ್ದೇನೆ. ಅವರ ಜಾಹೀರಾತಿನ ಅಡಿಯಲ್ಲಿ ಮುಂಬಯಿ ವಿಳಾಸವಿದೆ. ಅದರ ಚಿತ್ರಕ್ಕೆ ಕೂತ ಹುಡುಗಿ ಯಾರು ಎಂಬುದು ಅವರಿಗೆ ತಿಳಿದೇ ಇರಬೇಕಲ್ಲವೇ? ಕಂಪನಿಯ ಯಾರಾದರೂ ಗೃಹಸ್ಥರು ಇದನ್ನು ಒಡೆದು ಓದುತ್ತಿದ್ದರೆ, ದಯವಿಟ್ಟು ಇಲ್ಲಿಗೆ ನಿಲ್ಲಿಸಿ ಆಕೆಗೆ ಮುಟ್ಟಿಸಿರಿ. ಅಕ್ಷರದ ತಪ್ಪು ಎಣಿಸಬೇಡಿರಿ. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಯಾಕೆ ಬಿಟ್ಟೆ ಎಂಬುದು ರಜ್ಜಿಗೆ ಗೊತ್ತು. ಅವ್ವ ತೀರಿಕೊಂಡಾಗ ಈ ತಂಗಿ ಕೂಸಾಗಿ ನನ್ನ ಟೊಂಕದ ಮೇಲೆ ಇದ್ದಳು.

ನೀನು ಹೋದಮೇಲೆ ನಾನು ಸಿನೇಮಾ ನೋಡುವುದು ಬಹಳಾಗಿದೆ. ಪ್ರತಿ ಶನಿವಾರ ಮಧ್ಯಾಹ್ನ ಹೆಂಗಸರ ಆಟಕ್ಕೆ ಪಕ್ಕದ ಮನೆಯ ತಾರಾಬಾಯಿಯ ಜೊತೆ ಹೋಗುತ್ತೇನೆ. ಆಕೆಗೆ ದೇವರು ಆಕಾಶದಲ್ಲಿ ಹಾರುವ ಕಥೆಗಳೇ ಬೇಕು. ನನ್ನ ಅಭಿಪ್ರಾಯ ಬೇರೆ. ಮುಂದೆ ನಿಂತು ಹಾಡುವವರನ್ನು ಎಲ್ಲರೂ ನೋಡುತ್ತಾರೆ. ಹಿಂದೆ ಕೊಡ ಹೊತ್ತು ನಿಂತವರನ್ನು, ಮದುವೆಯ ಪಂಕ್ತಿಯಲ್ಲಿ ಕೂತವರನ್ನು ಯಾವ ಸಿನೇಮಾ ಸಾವಕಾಶವಾಗಿ ತೋರಿಸುತ್ತದೆಯೋ ಅದು ಛಲೋ ಸಿನೇಮಾ. ನಾನು ಹಿಂದಿನವರನ್ನೇ ಒಬ್ಬೊಬ್ಬರನ್ನಾಗಿ ನೋಡುತ್ತ ಕೂರುವುದನ್ನು ಕಂಡು ತಾರಾಬಾಯಿ, "ಗೋದಾ, ನೀ ಸಿನೇಮಾ ನೋಡಲಿಕ್ಕೆ ಬಂದೀಯೋ, ತಲಿ ಎಣಿಸಿ ಖಾನೇಸುಮಾರಿ ಮಾಡಲಿಕ್ಕೆ ಬಂದೀಯೋ?" ಎಂದಳು. ಹೋದ ಚಳಿಗಾಲದಲ್ಲಿ ಒಂದು ಮದುವೆಯ ದೃಶ್ಯದಲ್ಲಿ ಆರತಿ ತಟ್ಟೆ ಹಿಡಿದ ಹುಡುಗಿಯರ ಸಾಲಿನಲ್ಲಿ ಮೂರನೆಯವಳು ನಿನ್ನ ಹಾಗೆಯೇ ಕತ್ತು ಕೊಂಕಿಸಿದಳು. ಮಚ್ಚೆಯಿರಬೇಕಾದ ಕೆನ್ನೆ ಕಾಣುವಷ್ಟರಲ್ಲಿ ತಿರುಗಿಬಿಟ್ಟಳು. ಮೂರು ಶನಿವಾರ ಹೋದೆ, ಮೂರು ಸಲವೂ ತಿರುಗಿದಳು.

ಖರೇ ಹೇಳಬೇಕೆಂದರೆ ಮಾತಿನ ಚಿತ್ರಗಳಿಗಿಂತ ಮೂಕಚಿತ್ರಗಳೇ ನನಗೆ ಹೆಚ್ಚು. ಅವು ಕನಸಿನ ಹಾಗೆ, ಎಲ್ಲರ ತುಟಿ ಆಡುತ್ತದೆ, ಏನು ಹೇಳಿದರೆಂಬುದು ನಮಗೆ ಬಿಟ್ಟದ್ದು. ನೀನು ಚಿಕ್ಕವಳಿದ್ದಾಗ ಡೇರೆಯಲ್ಲಿ ನಾವಿಬ್ಬರೂ ನೋಡಿದ್ದು ನೆನಪಿದೆಯೇ? ಬಲಟೊಂಕದಲ್ಲಿ ಕೊಡ ಇಟ್ಟುಕೊಂಡು ಒಬ್ಬಳು ಹೊಳೆಯ ಕಡೆಗೆ ನಡೆಯುತ್ತಲೇ ಇದ್ದಳು. ಆಕೆ ಎಲ್ಲಿಗೆ ಹೋಗುತ್ತಾಳೆಂದು ನೀನು ಕೇಳಿದೆ. ಪರದೆಯ ಹಿಂದಕ್ಕೆ ಎಂದೆ ನಾನು, ಸುಮ್ಮನಿರಲೆಂದು. ನೀನು ಎದ್ದು ಪರದೆಯ ಹಿಂದೆಯೇ ಓಡಿದೆ. ಡೇರೆ ತುಂಬ ಹುಡುಕಿ ನನ್ನ ಜೀವ ಅರ್ಧವಾಗುವಷ್ಟರಲ್ಲಿ ನೀನೇ ತಿರುಗಿ ಬಂದು, "ಅಕ್ಕಾ, ಆಕಿ ಅಲ್ಲೂ ಇದ್ದಾಳ. ಆದ್ರ ಎಡಚಿ ಆಗ್ಯಾಳ," ಎಂದೆ. ಹಿಂದಿನಿಂದ ನೋಡಿದರೆ ಕೊಡ ಎಡಟೊಂಕಕ್ಕೆ ಬಂದಿತ್ತು. ಅದೇ ನನ್ನ ಅತಿ ಪ್ರೀತಿಯ ಸಿನೇಮಾ. ಕಥೆ ಪೂರಾ ಮರೆತಿದ್ದೇನೆ.

ಇನ್ನು ಜಾಹೀರಾತು. ಅಪ್ಪ ಈಗಲೂ ತಾವು ಚಿತ್ರ ಬರೆಯುವ ಕಲ್ಲಚ್ಚಿನ ಛಾಪಖಾನೆಯಿಂದ ಕೆಟ್ಟ ಹಾಳೆಗಳನ್ನು ತರುತ್ತಾರೆ, ನಾನು ಅಡಿಗೆಮನೆಯ ಗೋಡೆಯ ಮಾಡಗಳಿಗೆ ಹಾಸುತ್ತೇನೆ. ಅನ್ನ ಕುದಿಯುವತನಕ ಅವನ್ನೇ ಓದುವುದು. ನಾನು ಕಂಡುಕೊಂಡದ್ದು ಹೇಳಲೇ? ಜಾಹೀರಾತಿನ ಹೆಂಗಸು ತನ್ನ ಕೆಲಸವನ್ನು ಎಂದೂ ನೋಡುವುದಿಲ್ಲ. ಚಹಾ ಸುರಿಯುವವಳು ನಮ್ಮನ್ನು ನೋಡಿ ನಗುತ್ತಾಳೆ. ಬಸಿಯಿಂದ ಚೆಲ್ಲಿ ಕಾಲು ಸುಟ್ಟೀತು ಎಂದು ನನಗೆ ಅಂಜಿಕೆ. ಸಾಬಾಣದವಳ ಮೈಮೇಲೆ ಒಂದು ಹನಿ ನೀರಿಲ್ಲ. ಕೂಸಿನ ಔಷಧದ ಚಿತ್ರದಲ್ಲಿ ಕೂಸು ಎಷ್ಟು ದುಂಡಗಿದೆಯೆಂದರೆ ಅದಕ್ಕೆ ಔಷಧ ಯಾಕೆ ಬೇಕು ತಿಳಿಯದು. ಆದರೂ ಸಿನೇಮಾಕ್ಕಿಂತ ಇವರ ಮೇಲೆ ನನಗೆ ಭರವಸೆ. ಸಿನೇಮಾದವಳು ಆಟ ಮುಗಿದರೆ ಹೋಗಿಬಿಡುತ್ತಾಳೆ. ಮಾಡದಲ್ಲಿ ಹಾಸಿದವಳು ಮುಂಜಾನೆ ಡಬ್ಬಿ ಎತ್ತಿದರೆ ಅಲ್ಲಿಯೇ ಇರುತ್ತಾಳೆ.

ಹೋದ ತಿಂಗಳು ಬಂದ ಹಾಳೆಯ ಮೇಲೆ ಡಬ್ಬಿ ಇಡಹೋದೆ, ಅದರಲ್ಲಿ ನೀನಿದ್ದೆ. ಕೂದಲು ಬಿಚ್ಚಿಕೊಂಡು, ಎಣ್ಣೆಯ ಸೀಸೆ ಹಿಡಿದುಕೊಂಡು. ಕೈಯಲ್ಲಿದ್ದ ಮೆಣಸಿನಪುಡಿ ಚೆಲ್ಲಿತು. ಆದರೆ ಮಚ್ಚೆ ಎಡಗೆನ್ನೆಗಿತ್ತು. ನಿನ್ನದು ಬಲಗೆನ್ನೆಗೆ. ದಿನವಿಡೀ ಹೌದು ಅನ್ನುವುದು, ಅಲ್ಲ ಅನ್ನುವುದು. ಕೊನೆಗೆ ಹಾಳೆಯನ್ನು ಕನ್ನಡಿಗೆ ಹಿಡಿದೆ. ಕನ್ನಡಿಯಲ್ಲಿ ಸಂಶಯವಿಲ್ಲದೆ ನೀನೇ. ಆದರೆ ಅಕ್ಷರಗಳೆಲ್ಲ ತಿರುವುಮುರುವು. ಅಕ್ಷರ ಸರಿಯಿದ್ದಲ್ಲಿ ನೀನಿಲ್ಲ, ನೀನಿದ್ದಲ್ಲಿ ಅಕ್ಷರ ಓದಲು ಬರುವುದಿಲ್ಲ.

ಅಪ್ಪನನ್ನು ಹೇಗೆ ಕೇಳಲಿ? ನೀನು ಹೋದ ದಿವಸ ಅವರು "ಇನ್ನ ಈ ಮನ್ಯಾಗ ನನಗ ಒಬ್ಬಾಕೇ ಮಗಳು" ಅಂದವರು, ಆಮೇಲೆ ನಿನ್ನ ಹೆಸರು ಅವರ ಬಾಯಲ್ಲಿ ಬಂದಿಲ್ಲ. ಮೊನ್ನೆ ಅಚ್ಚಿನ ಕೆಲಸದ ಖಾಜಾಸಾಬ ಅಪ್ಪನ ಬುತ್ತಿ ಒಯ್ಯಲು ಬಂದಾಗ ಮೆಲ್ಲಗೆ ಕೇಳಿದೆ. ಅವರು ಹೇಳಿದ್ದಿಷ್ಟು. ಕಂಪನಿಯಿಂದ ಒಂದು ಫೋಟೋ ಬಂದಿತ್ತು. ಕಲ್ಲಿನ ಮೇಲೆ ಎಲ್ಲವನ್ನೂ ಉಲ್ಟಾ ಬರೆಯಬೇಕು, ಅಂದರೆ ಹಾಳೆಯ ಮೇಲೆ ಸುಲ್ಟಾ ಬೀಳುತ್ತದೆ. ಅದಕ್ಕೇ ಅಪ್ಪನದು ಫೋಟೋದ ಮುಂದೆ ಕನ್ನಡಿ ಇಟ್ಟುಕೊಂಡು, ಅದರಲ್ಲಿ ನೋಡಿ ಬರೆಯುವ ಪದ್ಧತಿ. ಮೂವತ್ತು ವರ್ಷದಲ್ಲಿ ಒಂದು ಗೆರೆ ತಪ್ಪಿದವರಲ್ಲ. ಈ ಸಲ ಅಕ್ಷರಗಳನ್ನೆಲ್ಲ ಉಲ್ಟಾ ಬರೆದು, ಮುಖವೊಂದನ್ನು ಇದ್ದ ಹಾಗೆಯೇ ಬರೆದುಬಿಟ್ಟಿದ್ದಾರೆ. ಹಾಳೆಗಳು ಊರ ತುಂಬ ಹೋದಮೇಲೆ ಮಾಲಕರಿಗೆ ತಿಳಿದು, "ಏನ್ರೀ ವೆಂಕಣ್ಣನವರ, ಕನ್ನಡಿ ಇಟ್ಕೊಂಡಿರಲಿಲ್ಲೇನು?" ಎಂದು ಕೇಳಿದರಂತೆ. ಅಪ್ಪ ಅಂದರಂತೆ, "ಇಟ್ಟಿದ್ದೆ. ಕನ್ನಡ್ಯಾಗ ನೋಡಿದ್ರ ಅದು ಬ್ಯಾರೆ ಯಾರದೋ ಮುಖ ಆಗ್ತಿತ್ತು. ತಗದು ಇಟ್ಟೆ."

ಮುದುಕರಾದರು, ಕಣ್ಣು ಮಂಜಾಗಿದೆ ಎಂದು ಅಲ್ಲಿಯವರು ತಿಳಿದುಕೊಂಡಿದ್ದಾರೆ. ಖಾಜಾಸಾಬರೂ ಹಾಗೇ ತಿಳಿದಿದ್ದಾರೆ, ನಾನು ತಿದ್ದಲಿಲ್ಲ. ಅಂದಿನಿಂದ ನನ್ನ ಕಣ್ಣ ಮುಂದೆ ಆ ಕಲ್ಲೇ ಬರುತ್ತದೆ. ದುರ್ಗದಬೈಲಿನ ಗೋಡೆಗಳ ಮೇಲೆಲ್ಲ ನಿನ್ನ ಮಚ್ಚೆ ತಪ್ಪು ಕೆನ್ನೆಯಲ್ಲಿದೆ. ಆ ಕಲ್ಲಿನ ಮೇಲೆ ಮಾತ್ರ ಸರಿಯಿತ್ತು. ಮುಖ ಮುಗಿಯಲು ಎಂಟು ದಿವಸ ಹಿಡಿಯಿತಂತೆ. ಎಂಟು ದಿವಸ ಅಪ್ಪ ನಿನ್ನ ಎದುರಿಗೆ ಬಗ್ಗಿಕೊಂಡು ಕೂತಿದ್ದರು, ಮನೆಗೆ ಬಂದು ಎಂದಿನಂತೆ ಉಂಡು ಮಲಗಿದರು. ಆ ಕಲ್ಲನ್ನು ಈಗ ಉಜ್ಜಿ ಒರೆಸಿ ಬೇರೆ ಯಾರದೋ ಲಗ್ನಪತ್ರಿಕೆ ಬರೆದಿದ್ದಾರೆ.

ನರಕ ಚತುರ್ದಶಿಗೆ ಹದಿನಾಲ್ಕೇ ದಿವಸ ಉಳಿದಿದೆ. ನೀರು ತುಂಬುವ ಹಂಡೆ ತಿಕ್ಕಿಟ್ಟಿದ್ದೇನೆ. ಬಾ ಎಂದು ಬರೆಯಲು ನನಗೆ ಅಧಿಕಾರವಿಲ್ಲ. ಅಪ್ಪ ಬಾಗಿಲಲ್ಲಿ ಏನೆಂದಾರೋ ಎಂಬ ಅಂಜಿಕೆಯೂ ಇದೆ. ಅದಕ್ಕೇ ಬರೆಯುವುದಿಲ್ಲ. ಎಲ್ಲಿದ್ದರೂ ತಣ್ಣಗಿರು, ಹಚ್ಚಿದ ಎಣ್ಣೆಯನ್ನು ಚೆನ್ನಾಗಿ ತೊಳೆದುಕೋ, ಒದ್ದೆ ಕೂದಲಲ್ಲಿ ಮಲಗಬೇಡ. ನಿನ್ನ ನೆತ್ತಿಯ ಮೇಲೆ ನನ್ನ ಕೈ ಇದೆಯೆಂದು ತಿಳಿ.

ನಿನ್ನನ್ನು ಟೊಂಕದಿಂದ ಇಳಿಸದ,
ಗೋದಕ್ಕ

ತಾ.ಕ.: ರಜ್ಜೀ, ಲಗೂ ಬರೆಯುತ್ತಿದ್ದೇನೆ, ಟಪಾಲಿನ ಹೊತ್ತಾಯಿತು. ಪಾಕೀಟಿನ ಮೇಲೆ ವಿಳಾಸ ಬರೆಯುತ್ತ ಕೂತಾಗ ಅಪ್ಪ ಹಿಂದೆ ಬಂದು ನಿಂತಿದ್ದು ನನಗೆ ತಿಳಿಯಲಿಲ್ಲ. ಬೈಯುತ್ತಾರೆಂದು ಕೈ ಅಡ್ಡ ಇಟ್ಟೆ. "ನಿನ್ನ ಅಕ್ಷರ ಟಪಾಲಿನವರಿಗೆ ತಿಳಿಯೂದಿಲ್ಲ. ಇಲ್ಲಿ ತಾ," ಎಂದರು. ಬೇರೆ ಪಾಕೀಟು ತೆಗೆದುಕೊಂಡು ತಾವೇ ಬರೆದರು. ನಾನು ಬರಿಯ 'ಕುಮಾರಿ ರಜನಿ' ಎಂದು ಬರೆದಿದ್ದೆ. ಅವರು 'ರಜನಿ ವೆಂಕಣ್ಣ ಹಣಮಸಾಗರ' ಎಂದು ಪೂರಾ ಬರೆದರು. ಪತ್ರ ಒಡೆಯುವ ಅವಸರದಲ್ಲಿ ಪಾಕೀಟು ಹರಿದು ಒಗೆದಿದ್ದರೆ, ತುಂಡುಗಳನ್ನು ಹುಡುಕಿ ಕೂಡಿಸಿ ಅಪ್ಪನ ಅಕ್ಷರ ನೋಡು.